ಚಂದಪ್ಪಗ ಹಾಕಿದ ಮಾಲಿ

ಇಂಡಿ ಬಸ್ ಸ್ಟ್ಯಾಂಡ್ ಮುಂದ ಬ್ಯಾನರ್ ಅಂಗಡಿ ಇಟ್ಟಿದ್ದ ಸಿದ್ಧರಾಮಗ ಒಂದ ಹೆಮ್ಮಿ. ಸುತ್ತಲ ಊರಾಗ ಯಾರರ ಸತ್ರ, ಶ್ರದ್ಧಾಂಜಲಿ ಕಾರ್ಡ್ ಮೊದಲ ಬರೋದು ಅವನ ಫೋನಿನಿಂದ. ಫೋಟೋಕ್ಕ ಮಾಲಿ, ಎರಡೂ ಕಡೆ ದೀಪ, ಕೆಳಗ ಅಂಗಡಿ ಹೆಸರು. ಸತ್ತವರ ಮನ್ಯಾಗ ಅಳು ಸುರು ಆಗೂದ್ರಾಗ ಕಾರ್ಡ್ ವಾಟ್ಸಾಪಿನ್ಯಾಗ ತಾಲೂಕ ಸುತ್ತಿ ಬಂದಿರ್ತಿತ್ತು. ಸುಡ್ಲಿ, ಇದೂ ಒಂದು ಹೆಮ್ಮಿ!

ಅವತ್ತ ಮುಂಜಾನಿ ಗ್ರೂಪಿನ್ಯಾಗ ಒಂದು ಫೋಟೋ ಬಂತು. ಝಳಕಿ ಹತ್ರ ಹೈವೇದಾಗ ಲಾರಿ ಕುರಿ ಹಿಂಡಿನ್ಯಾಗ ನುಗ್ಗಿತ್ತು. ಬಾಜೂಕ ಒಬ್ಬ ಕುರಿ ಕಾಯೋ ಮನಷ್ಯಾ ಸತ್ತು ಬಿದ್ದಿದ್ದ. ಮಾರಿ ಮ್ಯಾಲೆ ಕಂಬಳಿ ಹೊಚ್ಚಿದ್ರು, ರುಮಾಲಷ್ಟ ಕಾಣತಿತ್ತು. ಸಿದ್ಧರಾಮನ ಎದಿ ಧಸಕ್ಕಂತು. ಅವನ ಚಂದಪ್ಪ ಕಾಕಾ ಆ ಕಡೇನ ಒಬ್ಬರ ಹೊಲದಾಗ ಗೊಬ್ಬರಕ್ಕಂತ ಕುರಿ ಹಿಂಡು ತರುಬಿ ನಿಲ್ಲಿಸಿದ್ದ.

ಫೋನ್ ಹಚ್ಚಿದ. ಸ್ವಿಚ್ ಆಫ್. ಮುಗೀತು, ಅಂದ್ಕೊಂಡ.

ಅಡವ್ಯಾಗ ಇರೋರ ಫೋನು ಚಾರ್ಜ್ ಇಲ್ಲದಕ್ಕ ವಾರದಾಗ ಮೂರ್ನಾಕು ದಿನ ಬಂದ್ ಇರ್ತೈತಿ ಅನ್ನೋದು ಕುರಿಯವರ ಮನ್ಯಾಗ ಹುಟ್ಟಿದ ಇವಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಆದ್ರ ಆತುರಗಾರನಿಗೆ ಬುದ್ಧಿ ಮಟ್ಟ. ಅಳಕೋತನ ಕಾಕಾನ ಫೋಟೋ ಹುಡುಕಿ, ಮಾಲಿ ಹಾಕಿ, ‘ನಮ್ಮ ಚಂದಪ್ಪ ಕಾಕಾ ಇನ್ನಿಲ್ಲ’ ಅಂತ ಎಲ್ಲಾ ಗ್ರೂಪಿಗೂ ಬಿಟ್ಟಬಿಟ್ಟ. ಆಮ್ಯಾಲೆ ಗಾಡಿ ಹತ್ತಿ ಸಾಲೋಟಗಿಗೆ, ಕಾಕಾನ ಮನಿಗೆ ಹೊಂಟ.

ಕಾರ್ಡ್ ಅವನಕಿಂತ ಮೊದಲ ಮನಿ ಮುಟ್ಟಿತ್ತು. ಚಿಗವ್ವ ಶೇವಂತೆವ್ವ ಯಾರದೋ ಫೋನಿನ್ಯಾಗ ಗಂಡನ ಕೊಳ್ಳಾಗ ಮಾಲಿ ನೋಡಿದಾಕಿನ ಬಲಗೈ ಬಾಗಲಕ್ಕ ಬಡದಿದ್ಳು. ಹಸರ ಬಳಿ ಚೂರಾಗಿ ಹೊಸ್ತಿಲದಾಗ ಬಿದ್ದಿದ್ವು. ಓಣಿಯ ಮುದುಕಿಯೊಬ್ಬಾಕಿ ಕುಂಕುಮ ಒರಸಾಕ ಸೆರಗ ಹಿಡಕೊಂಡು ಬಂದ್ಳು. ಬಾಜೂ ಮನಿ ಜೋಹರಾಬಿ ಆಕಿ ಕೈ ಗಟ್ಟಿ ಹಿಡದ್ಳು.

“ತಡೀಬೇ ಯವ್ವಾ! ಹೆಣಾ ಮನಿಗೆ ಬರಲಿ ಮೊದಲ.”

ಸಿದ್ಧರಾಮ ಗಾಡಿ ಇಳದು ಬರೂದ ತಡ, ಶೇವಂತೆವ್ವ ತೆಲಿ ಎತ್ತಿದ್ಳು. ತಾಯಿಲ್ಲದ ಸಿದ್ಧರಾಮನ್ನ ಉಣಿಸಿ ಬೆಳಸಿದಾಕಿ.

“ಸಿದ್ಧಾ, ನೀ ಕಣ್ಣಾರೆ ನೋಡಿಯೇನೋ?”

“ಗ್ರೂಪಿನ್ಯಾಗ ಬಂದಿತ್ತು, ಚಿಗವ್ವಾ…”

“ಗ್ರೂಪಿನ ಮಾತ ಬ್ಯಾಡ. ನೀ ನೋಡಿಯೇನು?”

ಅಂವ ತೆಲಿ ಕೆಳಗ ಹಾಕಿದ. ಹೊಸ್ತಿಲದಾಗಿನ ಬಳಿಚೂರು ಒಂದೊಂದ ಆರಸಾಕ ಹತ್ತಿದ.

ಅಷ್ಟರಾಗ ಓಣಿ ತುದಿಗೆ ಟೆಂಪೋ ನಿಂತು ಒಬ್ಬ ಇಳದ. ಹೆಗಲ ಮ್ಯಾಲೆ ಕಂಬಳಿ, ಕೈಯಾಗ ಕುರಿ ಔಷಧದ ಚೀಲ. ಚಂದಪ್ಪ! ಮನಿ ಮುಂದ ಮಂದಿ ನೋಡಿ ಗಾಬರಿಯಾಗಿ, “ಯಾರು ಹೋದ್ರೋ?” ಅಂತ ಕೇಳಕೋತ ಬಂದ. ಹೆಣ್ಮಕ್ಕಳು ಚಿಟ್ಟನ ಚೀರಿದ್ರು. ಶೇವಂತೆವ್ವ ಓಡಿಹೋಗಿ ಗಂಡನ ಎರಡೂ ರಟ್ಟಿ ಹಿಡದಾಕಿ ಬಿಡಲೇ ಇಲ್ಲ.

“ನಿನ್ನ ಹೆಣಾ ಎತ್ಲಿ, ಭಾಡ್ಯಾ!” ಅಂತ ಅಳಕೋತ ನಕ್ಕೋತ ಸಿದ್ಧರಾಮಗ ಬೈದ್ಳು.

ಸಿದ್ಧರಾಮ ಕಾರ್ಡ್ ಅಳಿಸಿದ. ಏನ್ ಉಪಯೋಗ? ಅದು ಆಗಲೇ ಕಂಡಕಂಡವರ ಸ್ಟೇಟಸ್‌ನ್ಯಾಗ ಕುಂತಿತ್ತು. ಸಿಂದಗಿ ಬೀಗರು ಬಸ್ ಹತ್ತೇವಿ ಅಂದ್ರು. ಬಾಗೇವಾಡಿಯಿಂದ, “ಮಣ್ಣು ಎಷ್ಟೊತ್ತಿಗ್ರಿ?” ಅಂತ ಕೇಳಿದ್ರು. ಒಬ್ಬೊಬ್ಬರಿಗೂ, “ತಪ್ಪಾತ್ರಿ, ಕಾಕಾ ಆರಾಮ ಅದಾನ್ರಿ” ಅಂತ ಹೇಳಿ ಹೇಳಿ ಅವನ ಬಾಯಿ ಒಣಗಿತು.

ಚಂದಪ್ಪ ನೀರು ಕುಡದು, ಝಳಕಿ ಫೋಟೋ ಇಸಕೊಂಡು ಬಾಳೊತ್ತು ನೋಡಿದ.

“ಇಂವ ಯಾರೋ?”

“ಗೊತ್ತಿಲ್ಲ, ಕಾಕಾ.”

“ಗೊತ್ತ ಮಾಡಾಕ ಯಾರರ ಹೋಗ್ಯಾರೇನು?”

ಚಂದಪ್ಪ ಫೋನ್ ತಿರುಗಿ ಅವನ ಕೈಗೆ ಕೊಟ್ಟ.

“ಜೀವಂತ ಇದ್ದ ನನ್ನ ಸಲುವಾಗಿ ಓಣಿ ಮಂದಿ ಎಲ್ಲಾ ಕೂಡಿ ಅತ್ತೀರಿ. ಇವನ ಮನ್ಯಾಗ ಇನ್ನೂ ಇವಗಂತ ರೊಟ್ಟಿ ಬಡಿಯಾಕತ್ತಿರಬೇಕು.”

ಚಂದಪ್ಪ ಎದ್ದು ಮತ್ತ ಕಂಬಳಿ ಹೆಗಲಿಗೆ ಹಾಕಿದ. ಈ ಸೀಮ್ಯಾಗ ಕುರಿ ಮೇಸೋರು ಒಬ್ಬರನ್ನೊಬ್ಬರು ಬಲ್ಲರು, ನೋಡಿದ್ರ ಗುರ್ತು ಸಿಕ್ಕೀತು ಅಂದ. ಸಿದ್ಧರಾಮ, ಕೇಳಿದವರಿಗೆ ನೀನ ಹೇಳು ಅಂತ ಫೋನ್ ಚಿಗವ್ವನ ಕೈಯಾಗ ಕೊಟ್ಟು, ಕಾಕಾನ್ನ ಹಿಂದ ಕೂಡಿಸಿಕೊಂಡು ಗಾಡಿ ಝಳಕಿ ಕಡೆ ತಿರುವಿದ.