ಕಡ್ಲೆಗಿಡಕ್ಕೆ ಶ್ರೀಲತಾಳ ಕಬ್ಬಿಣ

ಶ್ರೀಲತಾಳ ಮೈಯಲ್ಲಿ ರಕ್ತ ಕಡಿಮೆ, ಕಬ್ಬಿಣ ಜಾಸ್ತಿ. ಹುಟ್ಟಿನಿಂದ ಬಂದ ತಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ತುಮಕೂರಿಗೆ ಹೋಗಿ ಯಾರದೋ ರಕ್ತ ಹಾಕಿಸಿಕೊಂಡು ಬರಬೇಕು. ಆ ರಕ್ತದ ಜೊತೆ ಬಂದ ಕಬ್ಬಿಣ ಹೊರಗೆ ಹೋಗುವ ದಾರಿ ಕಾಣದೆ ಹೃದಯದಲ್ಲಿ, ಯಕೃತ್ತಿನಲ್ಲಿ ಠಿಕಾಣಿ ಹೂಡುತ್ತದೆ. ಅದನ್ನು ಹಿಡಿದು ಹೊರಗಟ್ಟಲು ದಿನಕ್ಕೆ ಮೂರು ಹೊತ್ತು ಕ್ಯಾಪ್ಸೂಲ್. ಅದನ್ನು ನುಂಗಿದರೆ ಉಚ್ಚೆ ಕೆಂಪಗೆ, ಹಳೇ ಹುಣಸೆಹಣ್ಣಿನ ರಸದ ಹಾಗೆ ಹೋಗುತ್ತದೆ. ಕೆಂಪಗೆ ಹೋದಷ್ಟೂ ಒಳ್ಳೆಯದು, ಹೆದರಬೇಡ ಎಂದು ಡಾಕ್ಟರು ಹೇಳಿದ್ದರು.

ಪಿಯುಸಿ ಓದುವ ಹುಡುಗಿಯ ಈ ಗುಟ್ಟು ತಾವರೆಕೆರೆ ಸುತ್ತಿಗೆಲ್ಲ ತಿಳಿದದ್ದು ಅವಳ ತಾತ ಸಣ್ಣರಂಗಯ್ಯನಿಂದ.

ಆ ಸಲ ಕಡ್ಲೆಕಾಯಿ ಗಿಡವೆಲ್ಲ ಅರಿಶಿನ ಬಳಿದ ಹಾಗೆ ಹಳದಿಯಾಗಿತ್ತು. ಕೃಷಿ ಅಧಿಕಾರಿ ನಾಗಭೂಷಣ್ ಬದುವಿನ ಮೇಲೆ ನಿಂತು ವಿವರಿಸಿದರು: "ಮಣ್ಣಲ್ಲಿ ಕಬ್ಬಿಣ ಇದೆ, ಸುಣ್ಣದಂಶ ಜಾಸ್ತಿಯಾಗಿ ಗಿಡಕ್ಕೆ ದಕ್ಕುತ್ತಿಲ್ಲ. ಚೀಲೇಟ್ ಬೇಕು. ಅದು ಕಬ್ಬಿಣಾನ ಕೈ ಹಿಡ್ಕೊಂಡು ಹೋಗಿ ಗಿಡಕ್ಕೆ ಒಪ್ಪಿಸುತ್ತೆ. ನಮ್ಮಲ್ಲಿ ಸ್ಟಾಕ್ ಬಂದಿಲ್ಲ."

"ನಮ್ಮುಡ್ಗಿ ಮಾತ್ರೆನೂ ಅಂಗೇ ಕಣ್ ಸಾ," ಎಂದ ಸಣ್ಣರಂಗಯ್ಯ. "ಕಬ್ಬಿಣಾನ ಕೈ ಹಿಡ್ಕಂಡು ಹೊರಕ್ಕೆ ಬುಟ್ಟು ಬತ್ತದೆ. ನಮ್ ಬಚ್ಚಲ ಹಿಂದ್ಲ ಎಲ್ಡು ಸಾಲು ನೋಡಿ, ಹೆಂಗವೆ!"

ಎರಡು ಸಾಲು ಕಡುಹಸಿರಾಗಿದ್ದವು. "ಅದು ಉಚ್ಚೆಯಲ್ಲಿರೋ ಯೂರಿಯಾ ಗುಣ ಕಣಜ್ಜ," ಎಂದು ನಾಗಭೂಷಣ್ ನಕ್ಕರು. "ಅವಳಿಂದ ಹೋಗೋ ಕಬ್ಬಿಣ ದಿನಕ್ಕೆ ಒಂದು ಸಾಸಿವೆ ಕಾಳಿನಷ್ಟೂ ಇರಲ್ಲ."

ಆದರೆ ಯೂರಿಯಾ ಗುಣ ಯಾರ ಕಣ್ಣಿಗೂ ಕಾಣಲಿಲ್ಲ. ಸಾಲು ಕಾಣುತ್ತಿತ್ತು.

ಮಾರನೇ ಬೆಳಿಗ್ಗೆ ಪಕ್ಕದ ನಾಲ್ಕೆಕರೆಯ ಮಲ್ಲಿಕಾರ್ಜುನಯ್ಯ ಐದು ಲೀಟರ್ ಕ್ಯಾನು ಹಿಡಿದು ಬಂದರು. ಈ ಕೇರಿಯ ಮನೆಗಳಲ್ಲಿ ಅವರು ನೀರು ಮುಟ್ಟಿದವರಲ್ಲ. ಕೊಟ್ಟರೆ "ಈಗ್ತಾನೆ ಕುಡ್ದೆ ಬುಡಮ್ಮ" ಎನ್ನುತ್ತಿದ್ದರು. ಅಂದು ಹಣೆ ತುಂಬ ವಿಭೂತಿ ಬಳಿದುಕೊಂಡು ಬಾಗಿಲ ಮುಂದೆ ನಿಂತು, ಹಿಂದೆಂದೂ ಆಡದ ಮಾತು ಆಡಿದರು: "ತಾಯಿ ಶ್ರೀಲತಾ, ವಸಿ ಸಿಕ್ತದಾ?"

"ಏನು?"

"ಅದೇ... ಕೆಂಪಂದು."

ಶ್ರೀಲತಾ ಬಾಗಿಲು ಹಾಕಿಕೊಂಡಳು. ಹೊರಗೆ ಅವಳಮ್ಮ ರಾಮಾಂಜಿನಮ್ಮ ದನಿ ಏರಿಸಿದಳು: "ವಯಸ್ಸಿಗೆ ಬಂದಿರೋ ಹೆಣ್ಮಗು ಅಯ್ನೋರೆ. ನಾಚ್ಕೆ ಆಗಕಿಲ್ವಾ?"

"ನಾಚ್ಕೊಂಡ್ರೆ ಗಿಡ ಹಸ್ರಾಯ್ತದೇನಮ್ಮ? ಸುಮ್ನೆ ಕೇಳ್ತಿಲ್ಲ. ತುಮಕೂರಿಗೆ ಪ್ರತಿ ಸಲ ನನ್ ಕಾರಲ್ಲೇ ಹೋಗಿಬನ್ನಿ."

ರಕ್ತ ಹಾಕಿಸಿಕೊಳ್ಳುವ ದಿನ ತಲೆ ಸುತ್ತುತ್ತಿರುವಾಗ ಸಿರಾ ಬಸ್ಸಿನಲ್ಲಿ ನಿಂತು ಹೋಗುವುದೆಂದರೆ ಏನೆಂದು ತಾಯಿ ಮಗಳಿಬ್ಬರಿಗೂ ಗೊತ್ತಿತ್ತು. ರಾಮಾಂಜಿನಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಬಾಗಿಲು ಅರ್ಧ ತೆರೆಯಿತು. ಶ್ರೀಲತಾ ಕೈ ಚಾಚಿ ಕ್ಯಾನು ಒಳಗೆಳೆದುಕೊಂಡಳು.

ಅಲ್ಲಿಂದ ಮೂರು ಹೊತ್ತೂ ಮಲ್ಲಿಕಾರ್ಜುನಯ್ಯನ ಹಾಜರಿ. "ನುಂಗಿದ್ಯಾ ತಾಯಿ? ನೀರು ಕುಡಿ, ನೀರು ಕುಡಿ." ಡೈರಿಯಲ್ಲಿ ಹಾಲು ನೋಡುವವರ ಹಾಗೆ ಕ್ಯಾನನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಒಂದು ದಿನ ಮುಖ ಸಣ್ಣದು ಮಾಡಿಕೊಂಡರು: "ಇವತ್ತು ತೆಳ್ಳಗೈತೆ. ಮಧ್ಯಾಹ್ನದ್ದು ಬುಟ್ಟಿದ್ದೀಯ." ಬಿಟ್ಟಿದ್ದು ನಿಜ. ಮೊದಲೆಲ್ಲ ವಾಕರಿಕೆಗೆ ಹೆದರಿ ಅರ್ಧದಷ್ಟು ಕ್ಯಾಪ್ಸೂಲುಗಳನ್ನು ಅವಳು ಬಚ್ಚಲಿಗೆ ಎಸೆಯುತ್ತಿದ್ದಳು. ಆ ದಿನದ ಮೇಲೆ ಅದಕ್ಕೂ ಆಸ್ಪದವಿರಲಿಲ್ಲ. ಆಳು ಬಂದು ಕ್ಯಾನು ಒಯ್ದು, ಒಂದಕ್ಕೆ ಹತ್ತು ನೀರು ಬೆರೆಸಿ ಹೊಡೆಯುತ್ತಿದ್ದ. ನಾಲ್ಕೆಕರೆಗೆ ಅದು ಎಲ್ಲಿ ಸಾಕು? ಒಂದು ಮೂಲೆ ಹಸಿರಾಯಿತು. ಆ ಮೂಲೆಯನ್ನು ನೋಡಲು ಹುಲಿಕುಂಟೆಯಿಂದಲೂ ಜನ ಬಂದರು.

ಎರಡು ತಿಂಗಳಾದ ಮೇಲೆ ತುಮಕೂರಿನ ಡಾಕ್ಟರು ರಿಪೋರ್ಟ್ ನೋಡಿ ಖುಷಿಪಟ್ಟರು. "ಕಬ್ಬಿಣ ಇಳಿದಿದೆ! ಮೊದಲ ಸಲ ಸರಿಯಾಗಿ ನುಂಗಿದ್ದೀಯ." ಮುಂದಿನ ಹಾಳೆ ತಿರುವಿದಾಗ ಅವರ ಮುಖ ಗಂಭೀರವಾಯಿತು. "ಬಿಳಿ ರಕ್ತಕಣ ಬಿದ್ದುಹೋಗಿದೆ. ಈ ಔಷಧಿಯಿಂದ ಕೆಲವರಿಗೆ ಹೀಗಾಗುತ್ತೆ. ಇವತ್ತೇ ನಿಲ್ಲಿಸಬೇಕು. ಈಗ ಸಣ್ಣ ಜ್ವರ ಬಂದರೂ ಜೀವಕ್ಕೆ ಅಪಾಯ, ತಕ್ಷಣ ಬನ್ನಿ. ಕಣ ಏರಲಿ, ಆಮೇಲೆ ಬೇರೆ ಮಾತ್ರೆ ಶುರು ಮಾಡೋಣ."

ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾರ್ಜುನಯ್ಯ ಒಳಗೆ ಬಂದರು. "ಡಾಕ್ಟ್ರೆ, ಕಾಯಿ ಬಲಿಯಾಕೆ ಇನ್ನು ಮೂರೇ ವಾರ. ಅಲ್ಲೀವರ್ಗೂ ತಡೀರಿ."

"ಯಾವ ಕಾಯಿ?" ಎಂದರು ಡಾಕ್ಟರು.

ಕಾರು ಹೆದ್ದಾರಿಗೆ ಬಿದ್ದ ಮೇಲೆ ಮಲ್ಲಿಕಾರ್ಜುನಯ್ಯ ಮಾತು ತೆಗೆದರು. "ಹಳೇವು ಮಿಕ್ಕವಲ್ವಾ ತಾಯಿ? ಮೂರು ವಾರ ನುಂಗ್ಬುಡು. ಜ್ವರ ಗಿರ ಬಂದ್ರೆ ನಾನೇ ಕರ್ಕಂಡು ಬತ್ತೀನಿ. ಇಲ್ಲಾಂದ್ರೆ ಈ ಕಾರು ಇನ್ಮೇಲೆ..."

ರಾಮಾಂಜಿನಮ್ಮ ಮಗಳ ಮುಖ ನೋಡಿದಳು. ಶ್ರೀಲತಾ ಚೀಲದಿಂದ ಡಬ್ಬಿ ತೆಗೆದು, ಗಾಜು ಇಳಿಸಿ, ಕ್ಯಾಪ್ಸೂಲುಗಳನ್ನೆಲ್ಲ ರಸ್ತೆಗೆ ಸುರಿದಳು. ಹಿಂದೆ ಬರುತ್ತಿದ್ದ ಲಾರಿ ಅವುಗಳ ಮೇಲೆ ಹರಿದುಹೋಯಿತು.

"ಕಾರು ನಿಲ್ಸಿ. ಬಸ್ಸಿಗೆ ಹೋಯ್ತೀವಿ."

ಕಾರು ನಿಲ್ಲಲಿಲ್ಲ. ಸುಮಾರು ದೂರ ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು: "ಹೊಸ ಮಾತ್ರೆಗೆ ಕಬ್ಬಿಣ ಎಲ್ಲಿಂದ ಹೋಯ್ತದಂತೆ?"

ಅದನ್ನು ಅವಳು ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದಳು. "ಎರಡಕ್ಕೆ ಹೋದಾಗ."

"ಲೇ!" ಎಂದಳು ತಾಯಿ.

ಮಲ್ಲಿಕಾರ್ಜುನಯ್ಯ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಾ ಯೋಚಿಸಿದರು. "ಅದೂ ಗೊಬ್ಬರಾನೆ ಅಲ್ವಾ?"

"ಗೊಬ್ಬರಾನೆ. ಆದ್ರೆ ಆಳು ಕಳ್ಸಂಗಿಲ್ಲ ಅಯ್ನೋರೆ. ನೀವೇ ಬಾಚ್ಕಂಡು, ನೀವೇ ಬುಟ್ಟೀಲಿ ತಲೆ ಮೇಲೆ ಹೊತ್ಕಂಡು ಹೋಗ್ಬೇಕು. ನಮ್ ಮುತ್ತಜ್ಜಿ ಸಿರಾದಾಗೆ ಊರೋರ್ದೆಲ್ಲ ಹೊತ್ತಂಗೆ."

ಮನೆ ಮುಂದೆ ತಾಯಿ ಮಗಳು ಇಳಿದರು. ಶ್ರೀಲತಾ ಹಿಂತಿರುಗಿ ನೋಡದೆ ಜಗಲಿ ಹತ್ತಿದಳು. ಕಾರು ಹೊರಡಲಿಲ್ಲ. ಮಲ್ಲಿಕಾರ್ಜುನಯ್ಯ ಗಾಜು ಇಳಿಸಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ದಿನಾ ಎಷ್ಟೊತ್ಗೆ ತಾಯಿ?"