ಉದ್ದನೆಯವರ ಚಿತ್ರಗಳು

ಪರದೆಯ ತುಂಬ ಬಿಳಿ ಇತ್ತು. ಅದರ ಮೇಲೆ ಅತ್ತಿಗೆ ಕಪ್ಪು ಚಿತ್ರವೊಂದನ್ನು ಕಳಿಸಿದಳು. ಕಪ್ಪು ಮೇಲಿನಿಂದ ಇಳಿದು ಬಂದು, ಕೆಳಗೆ ಎರಡು ಬೆರಳಗಲದ ಬಿಳಿಯನ್ನು ಹಾಗೆಯೇ ಬಿಟ್ಟು ನಿಂತಿತು.

ಅತ್ತಿಗೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಇನ್ನೊಮ್ಮೆ ಕಳಿಸಿದಳು. ಬಿಳಿ ಅಲ್ಲೇ ಇತ್ತು.

"ದೇವರೇ" ಎಂದಳು, ಯಾರಿಗೂ ಕೇಳದ ಹಾಗೆ.

ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ. ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಉಗ್ರಾಣ. ಆಸ್ಪತ್ರೆಗಳಲ್ಲಿ ಎಕ್ಸ್‌ರೇ ನೋಡುವ ಪರದೆಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಯಜಮಾನ ಅವಳ ಮೈದುನ. ಅವನು ಕರೆದ ಹಾಗೆ ಉಳಿದವರೂ ಕರೆದು ಅದೇ ಅವಳ ಹೆಸರಾಗಿತ್ತು. ಕಂಪ್ಯೂಟರಿನ ಮೆಮೊರಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೂತ ಚಿತ್ರವನ್ನು, ಅವರು ಬಿಟ್‌ಮ್ಯಾಪ್ ಎನ್ನುವುದನ್ನು, ಪರದೆಯ ಮೆಮೊರಿಗೆ ಸಾಗಿಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಬರೆದವಳು ಅವಳು. ನಡುವಿನ ದಾರಿ ಕಿರಿದು. ಚಿತ್ರ ಇಡಿಯಾಗಿ ದಾಟಲಾರದು. ಅದನ್ನು ಅಡ್ಡಡ್ಡ ಪಟ್ಟಿಗಳಾಗಿ ಕತ್ತರಿಸಿ ಒಂದರ ಹಿಂದೆ ಒಂದನ್ನು ಕಳಿಸಬೇಕು. ಸಾಮಾನ್ಯರ ಎದೆಯ ಚಿತ್ರ ಪಟ್ಟಿಗಳಿಗೆ ಸಮನಾಗಿ ಹಂಚಿಹೋಗುತ್ತಿತ್ತು. ತೀರ ಎತ್ತರದವರಿಗೆ ಯಂತ್ರ ಬೇರೆ ಅಳತೆಯಲ್ಲಿ ಚಿತ್ರ ತೆಗೆಯುತ್ತದೆ. ಅದನ್ನು ಹಂಚಿದರೆ ಕೊನೆಯಲ್ಲಿ ಒಂದು ತುಂಡು ಉಳಿಯುತ್ತದೆ. ಆ ತುಂಡನ್ನು ಕಳಿಸಬೇಕೆಂದು ಅವಳು ಬರೆದೇ ಇರಲಿಲ್ಲ.

ಹೀಗಾಗಿ, ಎತ್ತರದ ಮನುಷ್ಯನ ಚಿತ್ರ ಪರದೆಗೆ ಬಂದಾಗ, ಅದರ ಕೆಳತುದಿಯಲ್ಲಿ ಅವನಿಗಿಂತ ಮುಂಚೆ ನೋಡಿದವರ ಎದೆಯ ಕೆಳತುದಿ ಉಳಿದುಬಿಡುತ್ತಿತ್ತು.

ಮೈದುನ ಬಾಗಿಲಲ್ಲಿ ನಿಂತು ಕೇಳಿದ. "ಏನತ್ತಿಗೆ, ಸಿಕ್ತಾ?"

"ಸಿಕ್ತು. ಬಾ, ನೋಡು."

ಅವನು ಬಗ್ಗಿ ನೋಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಆ ಬಡಗಿ ಎತ್ತರದವನಾ?" ಎಂದು ಕೇಳಿದ.

"ಬಾಗಿಲಿಗೆ ತಲೆ ತಗಲುತ್ತಂತೆ."

ಬಡಗಿಯ ಸುದ್ದಿ ಬಂದು ವಾರವಾಗಿತ್ತು. ಕೆಮ್ಮು ಎಂದು ಆಸ್ಪತ್ರೆಗೆ ಹೋದವನನ್ನು ಎಕ್ಸ್‌ರೇ ಡಾಕ್ಟರು ಚಿತ್ರ ನೋಡಿ ಏನೂ ಇಲ್ಲವೆಂದು ಕಳಿಸಿದ್ದರು. ಚಳಿಗಾಲ ಕಳೆದ ಮೇಲೆ ಬೇರೆ ಕಡೆ ತೋರಿಸಿದರೆ, ಬಲ ಶ್ವಾಸಕೋಶದ ಬುಡದಲ್ಲಿ ಗಡ್ಡೆ. ಕೈಮೀರಿತು ಎಂದರಂತೆ. ಹಳೆಯ ಚಿತ್ರವನ್ನು ಬೇರೆ ಕಂಪ್ಯೂಟರಿನಲ್ಲಿ ತೆಗೆದಾಗ ಗಡ್ಡೆ ಅದರಲ್ಲೂ ಇತ್ತು. ಡಾಕ್ಟರ ಮೇಲೆ ವಿಚಾರಣೆ ನಡೆಯುತ್ತಿತ್ತು. ಪರದೆ ಸರಿಯಾಗಿದೆಯೇ ಎಂದು ಕಾರ್ಖಾನೆಯನ್ನೂ ಕೇಳಿದ್ದರು.

"ಇಷ್ಟು ದಿನ ಯಾರಿಗೂ ಕಾಣಲಿಲ್ವಲ್ಲ ಅತ್ತಿಗೆ?"

"ಎದೆಗಳೆಲ್ಲ ಒಂದೇ ತರ ಇರ್ತವಪ್ಪ. ಅಂಟಿಸಿದ ಜಾಗ ಪಕ್ಕೆಲುಬಿನ ಗೆರೆಗಳಲ್ಲಿ ಸೇರಿಹೋಗುತ್ತೆ. ಮೊದಲಾಗಿದ್ರೆ ಅಲ್ಲಿ ಕಪ್ಪು ಕಾಣ್ತಿತ್ತು. ಯಾರಾದ್ರೂ ಬೈತಿದ್ರು."

ಮೊದಲು ಎಂದರೆ ಅವಳ ಗಂಡ ಇದ್ದಾಗ. ಹೊಸ ಚಿತ್ರ ಕಳಿಸುವ ಮುಂಚೆ ಹಳೆಯದನ್ನು ಪೂರ್ತಿ ಒರೆಸಿ ಕಪ್ಪಾಗಿಸುವ ಸಾಲನ್ನು ಬರೆದವನು ಅವನು. ಅವನು ತೀರಿಕೊಂಡ ತಿಂಗಳಲ್ಲೇ ಆಸ್ಪತ್ರೆಯಿಂದ ದೂರು ಬಂದಿತ್ತು: ಪ್ರತಿ ಚಿತ್ರಕ್ಕೂ ಪರದೆ ಮಿಟುಕುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಅವಳು ಆ ಸಾಲನ್ನು ತೆಗೆದಳು. ಹೊಸ ಚಿತ್ರ ಹಳೆಯದನ್ನು ಹೇಗೂ ಮುಚ್ಚುತ್ತದಲ್ಲ ಎಂದುಕೊಂಡಳು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುರಿದು ನೋಡಬೇಕು ಎನ್ನುವುದು ಆ ಮನೆಯ ರೀತಿ. ಅವಳು ಬರೆಯುತ್ತಿದ್ದಳು, ಗಂಡ ಮುರಿಯುತ್ತಿದ್ದ. ಹುಚ್ಚು ಹುಚ್ಚು ಅಳತೆಯ ಚಿತ್ರಗಳನ್ನು ತಂದು ಸುರಿದು, "ನಿನ್ನ ಡ್ರೈವರ್ ಅಜೀರ್ಣ ಮಾಡ್ಕೊಂಡಿದೆ ಕಣೇ" ಎಂದು ನಗುತ್ತಿದ್ದ. ಪಟ್ಟಿಗಳಾಗಿ ಕಳಿಸುವ ಭಾಗವನ್ನು ಅವಳು ಬರೆದದ್ದು ಅವನ ನಂತರ. ಆಗ ಮುರಿಯುವವರು ಯಾರೂ ಇರಲಿಲ್ಲ. ಬರೆದವಳೇ ನೋಡಿ, ಬರೆದವಳೇ ಸರಿ ಅಂದುಕೊಂಡಳು.

ಮೈದುನ ಕುರ್ಚಿ ಎಳೆದು ಕೂತ. "ಸರಿಮಾಡೋಕೆ ಎಷ್ಟು ಹೊತ್ತು?"

"ಮಾಡಿ ಆಯ್ತು."

"ಹಂಗಾದ್ರೆ ನಾಳೆ ಹೋಗಿ ಹಾಕಿಬಿಡೋಣ. ಬೇರೆ ಆಸ್ಪತ್ರೆಗಳಿಗೂ ಕಳಿಸೋಣ. ಪರದೆ ನೋಡಿದೀವಿ, ಸರಿಯಾಗಿದೆ ಅಂತ ಹೇಳಿದರೂ ಸುಳ್ಳಾಗಲ್ಲ. ಹಾಕಿದ ಮೇಲೆ ಸರಿಯಾಗೇ ಇರುತ್ತಲ್ಲ."

"ಅಬ್ಬಾ, ವಕೀಲ ಆಗಬೇಕಿತ್ತು ನೀನು."

"ತಮಾಷೆ ಬೇಡ ಅತ್ತಿಗೆ. ಬಾಯಿ ಬಿಟ್ಟರೆ ಬಾಗಿಲು ಹಾಕಬೇಕಾಗುತ್ತೆ. ಅಣ್ಣ ಕಟ್ಟಿದ್ದು ಇದು. ಆ ಬಡಗಿಗಂತೂ ನಾವು ಹೇಳಿದ್ರೂ ಅಷ್ಟೆ, ಬಿಟ್ರೂ ಅಷ್ಟೆ."

"ಬಡಗಿಗೆ ಅಷ್ಟೆ. ಡಾಕ್ಟರಿಗೆ? ಅದೂ ಹೋಗಲಿ. ಊರಲ್ಲಿ ಎತ್ತರದವನು ಅವನೊಬ್ಬನೇನಾ? ಇನ್ನು ಯಾರ್ಯಾರನ್ನ ಏನೂ ಇಲ್ಲ ಅಂತ ಮನೆಗೆ ಕಳಿಸಿದಾರೋ! ನಾವು ಹೇಳದಿದ್ರೆ ಅವರನ್ನ ಯಾರಪ್ಪ ಕರೆಸ್ತಾರೆ?"

ಮೈದುನ ಕುರ್ಚಿ ಹಿಂದಕ್ಕೆ ತಳ್ಳಿದ. ಎದ್ದು ಹೋಗುವಾಗ, "ಬೆಳಿಗ್ಗೆ ನಾನೇ ಗಾಡಿ ತರ್ತೀನಿ. ಅಲ್ಲಿ ಮಾತು ನನಗೆ ಬಿಡಿ" ಎಂದ.

ಆಸ್ಪತ್ರೆಯಲ್ಲಿ ಚಿತ್ರ ನೋಡುವ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆ ಬೂದು ಬಣ್ಣ. ಮೇಜಿನ ಮೇಲೆ ಕಾರ್ಖಾನೆಯ ಪರದೆ, ಪಕ್ಕದಲ್ಲಿ ಕಣ್ಣಿಗೆ ಬಿಡುವ ಔಷಧಿಯ ಸೀಸೆ. ಎಕ್ಸ್‌ರೇ ಡಾಕ್ಟರು ಎದ್ದು ನಿಂತು ಅವಳಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. ಅರುವತ್ತರ ಆಸುಪಾಸಿನ ಮನುಷ್ಯ, ಕತ್ತಿನ ಹತ್ತಿರ ಕೋಟು ಸಡಿಲವಾಗಿತ್ತು.

"ನೀವು ಬರೋ ತೊಂದರೆ ತಗೋಬಾರದಿತ್ತಮ್ಮ. ನಿನ್ನೆ ವಿಚಾರಣೆಯವರಿಗೆ ಹೇಳಿಬಿಟ್ಟೆ. ಯಂತ್ರದ್ದೇನಿಲ್ಲ, ನನ್ನ ಕಣ್ಣೇ ತಪ್ಪಿತು ಅಂತ. ಅಷ್ಟು ದೊಡ್ಡ ಗಡ್ಡೆ! ಎದುರಿಗಿದ್ದರೂ ಕಾಣಲಿಲ್ಲ ಅಂದ್ರೆ ಇನ್ನೇನು ಹೇಳೋದು? ಮುಂದಿನ ತಿಂಗಳಿಂದ ಬರಬೇಡಿ ಅಂದಿದಾರೆ. ಸರಿಯೇ."

ಮೈದುನ ಮೆಲ್ಲಗೆ ಉಸಿರು ಬಿಟ್ಟಿದ್ದು ಅವಳಿಗೆ ಕೇಳಿಸಿತು. ಅವನು ಹೇಳಬೇಕೆಂದಿದ್ದ ಮಾತು ಈಗ ಬೇಕಾಗಿಯೇ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

"ಪ್ರಾಯ ಆಯ್ತಮ್ಮ" ಎಂದರು ಡಾಕ್ಟರು. "ಮನೆಯವಳು ಅಂತಾಳೆ, ಎದುರಿಗೆ ಬಂದ ನಾನೇ ನಿಮಗೆ ಕಾಣಲ್ಲ, ಇನ್ನು ಗಡ್ಡೆ ಕಾಣುತ್ತಾ ಅಂತ." ನಗಲು ಹೋದರು, ಆಗಲಿಲ್ಲ.

ಅತ್ತಿಗೆ ಕಣ್ಣು ಮುಚ್ಚಿ ತೆರೆದಳು. "ಡಾಕ್ಟ್ರೇ, ಅವತ್ತು ಆ ಬಡಗಿಗಿಂತ ಮುಂಚೆ ಯಾರ ಚಿತ್ರ ನೋಡಿದ್ರೋ ಅದನ್ನ ತೆಗೀರಿ."

"ಅತ್ತಿಗೆ" ಎಂದ ಮೈದುನ.

"ತೆಗೀರಿ ಡಾಕ್ಟ್ರೇ."

ಯಾರೋ ಹೆಂಗಸಿನ ಎದೆ ಪರದೆಗೆ ಬಂತು. ಶುಭ್ರವಾಗಿತ್ತು. ಅದರ ಮೇಲೆ ಬಡಗಿಯದನ್ನು ತೆಗೆಯಲು ಹೇಳಿದಳು. ಅಗಲವಾದ ಹೆಗಲು, ಉದ್ದನೆಯ ಪಕ್ಕೆಲುಬುಗಳು, ಬುಡದಲ್ಲಿ ಏನೂ ಇಲ್ಲ. ಅವಳು ಒಂದು ಕಡೆ ಬೆರಳಿಟ್ಟಳು. ಅಲ್ಲಿ ಒಂದು ಪಕ್ಕೆಲುಬು ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿತ್ತು.

"ಇಲ್ಲಿಂದ ಕೆಳಗೆ ಇರೋದು ಆ ಹೆಂಗಸಿಂದು. ಬಡಗಿಯದ್ದು ಇಲ್ಲಿಗೆ ಬರಲೇ ಇಲ್ಲ. ಅದನ್ನ ಕಳಿಸೋದು ನಾನು ಬರೆದಿರಲಿಲ್ಲ. ನಿಮ್ಮ ಕಣ್ಣು ತಪ್ಪಿಲ್ಲ."

ತಂದಿದ್ದ ಹೊಸ ಡ್ರೈವರನ್ನು ಹಾಕಿ, ಅದೇ ಚಿತ್ರವನ್ನು ಮತ್ತೆ ತೆಗೆದಳು. ಬಲಗಡೆ ಬುಡದಲ್ಲಿ, ಒದ್ದೆ ಬಟ್ಟೆ ಇಟ್ಟ ಗುರುತಿನ ಹಾಗೆ, ಮಸುಕಾದ ದುಂಡು ಕಾಣಿಸಿತು.

ಡಾಕ್ಟರು ಮೇಜನ್ನು ಹಿಡಿದುಕೊಂಡರು. ತಪ್ಪು ತಮ್ಮದಲ್ಲ ಎಂದು ತಿಳಿದವರ ಸಮಾಧಾನ ಆ ಮುಖಕ್ಕೆ ಬರಲಿಲ್ಲ.

"ಮೊದಲು ಇದು ಮಿಟುಕುತಿತ್ತಲ್ಲ" ಎಂದರು.

"ಹೌದು. ಒರೆಸೋದಕ್ಕೆ ಮಿಟುಕುತಿತ್ತು."

"ಅದನ್ನ ನಿಲ್ಲಿಸಿ ಅಂತ ಹೇಳಿಕಳಿಸಿದ್ದು ನಾನು."

"ನೀವು ಕೇಳಿದ್ರಿ, ತೆಗೆದಿದ್ದು ನಾನು. ಕೇಳೋದು ತಪ್ಪಲ್ಲ."

ಹೊರಗೆ ಓಣಿಯಲ್ಲಿ ತಳ್ಳುಗಾಡಿಯೊಂದು ಹೋಯಿತು. ಆಮೇಲೆ ಡಾಕ್ಟರು ತಗ್ಗಿದ ದನಿಯಲ್ಲಿ ಕೇಳಿದರು. "ಇವನ ಅಳತೆಯವರು ಇನ್ನೂ ಇರಬೇಕಲ್ಲಮ್ಮ?"

"ಅದಕ್ಕೇ ಬಂದೆ."

"ವಿಚಾರಣೆಯವರಿಗೆ ಇದನ್ನೂ ಹೇಳಬೇಕಾಗುತ್ತೆ. ನಿಮ್ಮ ಕಾರ್ಖಾನೆ..."

"ಹೇಳಿ" ಎಂದಳು.

ಡಾಕ್ಟರು ಮೈದುನನ ಕಡೆ ನೋಡಿದರು. ಅವನು ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಹೊರಟುಹೋಗುತ್ತಾನೆಂದು ಅತ್ತಿಗೆ ಅಂದುಕೊಂಡಳು. ಅವನು ಬಾಗಿಲವರೆಗೆ ಹೋಗಿ ಅದನ್ನು ಮುಚ್ಚಿ, ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು ಡಾಕ್ಟರ ಹಿಂದೆ ಇಟ್ಟ.

"ಕೂತ್ಕೊಳ್ಳಿ ಸಾರ್. ನಿಂತು ನೋಡೋ ಕೆಲಸ ಅಲ್ಲ ಇದು" ಎಂದ.

ಎತ್ತರದ ಅಳತೆಯ ಚಿತ್ರಗಳನ್ನಷ್ಟೇ ಅವಳು ಹುಡುಕಿ ಒಂದೊಂದಾಗಿ ಪರದೆಗೆ ತಂದಳು. ಡಾಕ್ಟರು ಬುಡದವರೆಗೆ ನೋಡುತ್ತಿದ್ದರು. "ಮುಂದೆ" ಎನ್ನುತ್ತಿದ್ದರು. ಪ್ರತಿ ಸಲವೂ ಮೂವರ ಹೆಗಲು ಒಟ್ಟಿಗೆ ಇಳಿಯುತ್ತಿತ್ತು. ದೇವರು ಕೊಟ್ಟ ಎತ್ತರ, ಎಷ್ಟೊಂದು ಜನಕ್ಕೆ ಕೊಟ್ಟಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಮುಂದೆ. ಮುಂದೆ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮತ್ತೆ, ಮುಂದೆ.

ಒಂದು ಚಿತ್ರಕ್ಕೆ ಡಾಕ್ಟರು ಏನೂ ಹೇಳಲಿಲ್ಲ.

ಅವಳು ಕಾದಳು. ಅವರು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು ಮೂಗು ತಾಗುವಷ್ಟು ಹತ್ತಿರ ಹೋದರು. ದುಂಡು ಚಿಕ್ಕದು, ಉದ್ದಿನ ಕಾಳಿನಷ್ಟು. ಇದ್ದದ್ದು ನಿಜ.

"ಇದು ಹೋದ ಬೇಸಿಗೆಯಲ್ಲಿ ತೆಗೆದದ್ದು" ಎಂದರು. "ಬೆಳೆದಿರಬಹುದು. ಬೆಳೆಯದೆಯೂ ಇರಬಹುದು. ಇವತ್ತೇ ಕರೆಸಬೇಕು."

ಮೈದುನ ಪರದೆಯ ಮೂಲೆಯಲ್ಲಿದ್ದ ಫೋನ್ ನಂಬರನ್ನು ಒತ್ತಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟ. ಆ ಕಡೆ ಒಬ್ಬ ಮುದುಕಿ ಎತ್ತಿಕೊಂಡಳು. ಕಿವಿ ಮಂದವಿರಬೇಕು, ಕೂಗಿ ಮಾತಾಡುತ್ತಿದ್ದಳು.

"ಯಾರು? ಆಸ್ಪತ್ರೆಯಾ? ನಮ್ಮ ಸೊಸೆನಾ? ಇದಾಳಪ್ಪ, ಚೆನ್ನಾಗಿದಾಳೆ, ಏನೂ ಇಲ್ಲ ಅಂತ ನೀವೇ ಹೇಳಿದ್ರಲ್ಲ! ಅಟ್ಟದ ಮೇಲಿನ ಪಾತ್ರೆ ಇಳಿಸ್ತಿದಾಳೆ. ನಮ್ಮನೇಲಿ ಏಣಿನೇ ಬೇಕಿಲ್ಲ ನೋಡಿ, ಇವಳು ಬಂದ ಮೇಲೆ! ಇರಿ, ಕರೀತೀನಿ."

ಫೋನನ್ನು ಎಲ್ಲೋ ಗಟ್ಟಿ ಜಾಗದ ಮೇಲೆ ಇಟ್ಟ ಸದ್ದಾಯಿತು. ಮುದುಕಿಯ ಹೆಜ್ಜೆ ದೂರ ಹೋಯಿತು. ಮೂವರೂ ಫೋನನ್ನೇ ನೋಡುತ್ತ ಕೂತರು. ಆಚೆ ಪಾತ್ರೆಯ ಮೇಲೆ ಪಾತ್ರೆ ಇಡುವ ಸದ್ದು, ಯಾರೋ ನಕ್ಕಿದ್ದು, ಆಮೇಲೆ ಒಂದು ಹೆಣ್ಣುದನಿ, "ಬಂದೆ ಅತ್ತೇ, ಕೈ ತುಂಬ ಧೂಳು, ತೊಳ್ಕೊಂಡು ಬಂದೆ." ನಲ್ಲಿ ತಿರುಗಿಸಿದ ಸದ್ದು ಬಂತು. ನೀರು ಬಿದ್ದಿತು, ಬೀಳುತ್ತಲೇ ಇತ್ತು.