ಊದಕ್ಕ

“ಬಿಡಿ ದೊಡ್ಡಪ್ಪ, ನಿಮ್ಮ ಕೈಲಿ ಆಗಲ್ಲ,” ಎನ್ನುತ್ತ ಊದಕ್ಕನ ಮಗಳು ತಾಯಿಯ ಶವಪೆಟ್ಟಿಗೆಯ ಹಿಡಿಯಿಂದ ಮುದುಕನ ಬೆರಳು ಬಿಡಿಸುತ್ತಿದ್ದಳು. ಆತ ಬಿಡಲೊಲ್ಲ. ಶವ ತಂದ ವ್ಯಾನು ದಿಬ್ಬದ ಬುಡದಲ್ಲೇ ನಿಂತಿತ್ತು. ಅಲ್ಲಿಂದ ಸ್ಮಶಾನಕ್ಕೆ ಕಡಿದಾದ ಕಾಲುಹಾದಿ. ಆತನ ಬೆನ್ನಿಗೆ ಕಲ್ಲುಗಣಿಯ ಮೂವತ್ತು ಮಂದಿ.

“ಯಾರಮ್ಮ ಇವರೆಲ್ಲ?” ಸೋದರಮಾವ ಕೇಳಿದ. “ಅಕ್ಕ ಆಸ್ಪತ್ರೇಲಿ ಮಿಷನ್ ನೋಡ್ಕೋತಿದ್ಳು, ಅಷ್ಟೇ ಅಲ್ವಾ?”

ಮುದುಕನಿಗೆ ಅದು ಕೇಳಿಸಿತು. “ಅಷ್ಟೇ ಸ್ವಾಮಿ. ನಂದು ಅರವತ್ತೆರಡು.”

“ವಯಸ್ಸಾ?”

“ವಯಸ್ಸು ಎಪ್ಪತ್ತಾಯ್ತು. ಇದು ಉಸಿರು. ನೂರಕ್ಕೆ ಅರವತ್ತೆರಡು, ಆವಾಗ.”

“ನಂದು ಐವತ್ತೊಂಬತ್ತು,” ಎಂದಿತು ಹಿಂದಿನಿಂದ ಒಂದು ದನಿ. “ನಂದು ಎಪ್ಪತ್ತು,” ಎಂದಿತು ಇನ್ನೊಂದು.

*

ಹದಿನೈದು ವರ್ಷದ ಹಿಂದೆ, ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಇಸಿಜಿ ಯಂತ್ರ ಮತ್ತು ಶ್ವಾಸಕೋಶದ ಬಲ ಅಳೆಯುವ ಊದುಗೊಳವೆಯ ಯಂತ್ರ. “ಊದಿ, ಊದಿ, ಇನ್ನೂ ಊದಿ!” ಎಂಬ ಅವಳ ಕೂಗು ಔಷಧಿ ಕೌಂಟರಿನವರೆಗೂ ಕೇಳುತ್ತಿತ್ತು. ಊದಕ್ಕ ಎಂಬ ಹೆಸರು ಹಾಗೆ ಅಂಟಿದ್ದು.

ಅಂದು ಕಲ್ಲು ಕೊರೆಯುವವನೊಬ್ಬ ಎದೆಗೆ ವೈರು ಅಂಟಿಸಿಕೊಂಡು ಬೆವರುತ್ತಿದ್ದ. “ಅಕ್ಕಾ, ಕರೆಂಟ್ ಹೊಡೆಯುತ್ತಾ?”

“ನಾನೆಲ್ಲಿ ಕೊಡ್ತೀನಿ ಅಣ್ಣಾ? ನಿಮ್ಮ ಎದೇಲಿರೋ ಕರೆಂಟನ್ನೇ ಇದು ಬರ್ಕೊಳ್ಳೋದು. ಬಿಲ್ ಬರಲ್ಲ, ಮಲಕ್ಕೊಳ್ಳಿ.”

ಹೃದಯ ನೆಟ್ಟಗಿತ್ತು. ಊದಿಸಿ ನೋಡಿದಾಗ ಅವಳ ಮುಖ ಗಂಭೀರವಾಯಿತು. “ಮೊದಲ ಸೆಕೆಂಡಲ್ಲಿ ಎಷ್ಟು ಗಾಳಿ ಹೊರಗೆ ತಳ್ತೀರಿ ಅಂತ ಇದು ಹೇಳುತ್ತೆ. ನಿಮ್ಮ ವಯಸ್ಸಿನೋರು ನೂರು ತಳ್ಳೋ ಕಡೆ ನೀವು ಅರವತ್ತೆರಡು. ಡಾಕ್ಟರು ಎಕ್ಸ್-ರೇ ನೋಡಿ ಹೇಳ್ತಾರೆ. ನನಗಂತೂ ಕಲ್ಲಿನ ಧೂಳಿನ ಮೇಲೇ ಅನುಮಾನ.”

ಅದೇ ಗಣಿಯ ನಲವತ್ತೊಂದು ಮಂದಿಯನ್ನು ಊದಿಸಿದಳು. ವಾರದೊಳಗೆ ಗಣಿಯ ಮ್ಯಾನೇಜರು ಬಂದ. “ಎಲ್ಲಾ ನಾರ್ಮಲ್ ಅಂತ ಬರೀರಿ. ಇವರ ಕೆಲಸ ಹೋದ್ರೆ ಹೊಟ್ಟೆಗೆ ನೀವು ಹಾಕ್ತೀರಾ?”

ಆ ಮಾತು ಅವಳಿಗೆ ನಾಟಿತು. “ನಾನು ಹಾಕಲಾರೆ. ಹಾಗಂತ ಸುಳ್ಳು ತಿನ್ನಿಸೋಕೂ ಆಗಲ್ಲ,” ಎಂದಳು.

ಮಾರನೆಯ ದಿನ ಫೈಲಿನಲ್ಲಿ ವರದಿಗಳಿರಲಿಲ್ಲ. ಅವಳು ಎಲ್ಲರನ್ನೂ ಮತ್ತೆ ಕರೆಸಿ ಊದಿಸಿದಳು. ಮಗ್ಗಿ ಹೇಳಿಕೊಡುವ ಹಾಗೆ ಒಬ್ಬೊಬ್ಬರಿಗೂ ಅವರವರ ಅಂಕಿ ಬಾಯಿಪಾಠ ಮಾಡಿಸಿದಳು. “ಕಾಗದ ಕಿತ್ಕೋಬಹುದು. ನಾಲಿಗೆ ಕಿತ್ಕೊಳ್ಳೋಕಾಗುತ್ತಾ?”

ಆಸ್ಪತ್ರೆಯವರು ಅವಳನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ಎರಡು ವರ್ಷ ಅಲ್ಲೇ ಕೂತು ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದಳು. ಕೊನೆಗೆ ವಿಚಾರಣೆ ನಡೆಯಿತು. ನಲವತ್ತೊಂದು ಮಂದಿಯೂ ಎದ್ದು ನಿಂತು ಅಂಕಿ ಹೇಳಿದರು. ಯಂತ್ರದೊಳಗೆ ಅಳಿಸದೆ ಉಳಿದಿದ್ದ ಲೆಕ್ಕದೊಂದಿಗೆ ತಾಳೆ ನೋಡಿದರೆ ಒಂದೂ ತಪ್ಪಿರಲಿಲ್ಲ. ಗಣಿಯಲ್ಲಿ ನೀರು ಚಿಮುಕಿಸಿ ಕೊರೆಯುವ ಏರ್ಪಾಡಾಯಿತು. ಎದೆ ಕೆಟ್ಟವರಿಗೆ ಧೂಳಿಲ್ಲದ ಕೆಲಸ ಸಿಕ್ಕಿತು. ಅವಳು ತನ್ನ ಕೋಣೆಗೆ ಮರಳಿದಳು.

ಮೊನ್ನೆ ಎದೆ ಹಿಡಿದುಕೊಂಡಾಗ ತನ್ನ ಇಸಿಜಿ ಪಟ್ಟಿಯನ್ನು ತಾನೇ ಓದಿದ್ದಳು. “ಇದು ಚೆನ್ನಾಗಿಲ್ಲ ಮಗಳೇ, ಡಾಕ್ಟರನ್ನ ಕರಿ,” ಎಂದಿದ್ದಳು.

*

“ಮೇಲೆ ಹತ್ತೋಕೆ ಗಟ್ಟಿ ಆಳುಗಳನ್ನ ಕರೆಸ್ತೀನಿ,” ಎಂದ ಸೋದರಮಾವ. “ಇವರಿಗೇನಾದ್ರೂ ಆದ್ರೆ?”

“ಏನೂ ಆಗಲ್ಲ,” ಎಂದ ಮುದುಕ. “ನಮಗೆಷ್ಟು ಆಗುತ್ತೆ ಅಂತ ನಮಗೆ ಗೊತ್ತು. ಅವಳೇ ಹೇಳಿಕೊಟ್ಟಿದ್ದು.”

ಮಗಳು ಅವನ ಕೈಮೇಲಿಂದ ತನ್ನ ಕೈ ತೆಗೆದಳು. “ಹತ್ತೇ ಹೆಜ್ಜೆ ದೊಡ್ಡಪ್ಪ. ಆಮೇಲೆ ಬೇರೆಯವರಿಗೆ ಕೊಡಬೇಕು.”

ಆರು ಮಂದಿ ಹೆಗಲು ಕೊಟ್ಟು ಹತ್ತು ಹೆಜ್ಜೆ ನಡೆದರು. ಮುಂದಿನ ಆರು ಮಂದಿ ಕಾದು ನಿಂತಿದ್ದರು. ಹತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಪೆಟ್ಟಿಗೆ ಒಮ್ಮೆಯೂ ನೆಲ ಮುಟ್ಟಲಿಲ್ಲ.

ಮಗಳು ತುದಿಯಿಂದ ತಿರುಗಿ ನೋಡಿದಳು. ಹಾದಿಯುದ್ದಕ್ಕೂ ಗಂಡಸರು ಬಂಡೆಗಳ ಮೇಲೆ ಕೂತಿದ್ದರು, ಮೊಣಕಾಲಿಗೆ ಕೈಯೂರಿ, ಬಾಯಿ ತೆರೆದು, ಭುಜ ಏರಿಸಿ ಇಳಿಸುತ್ತ. ಎಲ್ಲರಿಗಿಂತ ಕೆಳಗಿದ್ದ ಮುದುಕ ಎದ್ದು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಮತ್ತೆ ಹತ್ತತೊಡಗಿದ್ದ.